ಹಳೇ ಟ್ರ್ಯಾಕ್ಟರ್ ಸೂಪರ್, ಆದ್ರೆ ಯಾವ ಕೆಲ್ಸಕ್ಕೆ?

(1/5)
ಹಳೇ ಟ್ರ್ಯಾಕ್ಟರ್ ರೀಲ್ ಬಂದ್ರೆ ಕಾಮೆಂಟಲ್ಲಿ ಎರಡು ಪಾರ್ಟಿ. "ಹಳೇದೇ ಗಟ್ಟಿ ಗುರು" ಅನ್ನೋರು ಒಂದ್ಕಡೆ, "ಗುಜರಿಗೆ ಹಾಕ್ರೋ" ಅನ್ನೋರು ಇನ್ನೊಂದ್ಕಡೆ. ಯಾವ ಕೆಲ್ಸಕ್ಕೆ ಅಂತ ಮಾತ್ರ ಯಾರೂ ಕೇಳಲ್ಲ.

(2/5) ಗೆಲ್ಲೋದು ಎಲ್ಲಿ?
ಮಹೀಂದ್ರ ಬಿ-275, ಮ್ಯಾಸಿ 1035, ಎಚ್‌ಎಂಟಿ 2511. ಒಣ ಹೊಲದಲ್ಲಿ ಕಲ್ಟಿವೇಟರ್ ಹೊಡೆಯೋಕೆ, ತಿಪ್ಪೆ ಗೊಬ್ಬರ ಸಾಗಿಸೋಕೆ ಇವು ಇವತ್ತಿಗೂ ಸಾಕು. ಡೀಸೆಲ್ ಪಂಪ್ ಪೂರ್ತಿ ಮೆಕ್ಯಾನಿಕಲ್, ಸೆನ್ಸರ್ ಕಾಟ ಇಲ್ಲ. ಊರ ಮೆಕ್ಯಾನಿಕ್ಕೇ ಬಿಚ್ಚಿ ಜೋಡಿಸ್ತಾರೆ. ಏರ್ ಕೂಲ್ಡ್ ಐಷರ್‌ಗಂತೂ ರೇಡಿಯೇಟರೇ ಇಲ್ಲ. ಆದ್ರೆ ಇಂಜಿನ್ ಫಿನ್‌ಗಳಲ್ಲಿ ಧೂಳು ಕೂತ್ರೆ ಬಿಸಿ ಏರುತ್ತೆ, ಕ್ಲೀನ್ ಮಾಡ್ತಾ ಇರ್ಬೇಕು.

(3/5) ಸೋಲೋದು ಎಲ್ಲಿ?
ರೋಟಾವೇಟರ್. ಸಿಂಗಲ್ ಕ್ಲಚ್ ಗಾಡಿಲಿ ಕ್ಲಚ್ ಒತ್ತಿದ್ರೆ ಗಾಡಿ ಜೊತೆಗೆ ಪಿಟಿಒನೂ ನಿಲ್ಲುತ್ತೆ. ಡ್ಯುಯಲ್ ಕ್ಲಚ್ ಇದ್ರೆ ಗಾಡಿ ನಿಂತ್ರೂ ರೋಟಾವೇಟರ್ ತಿರುಗ್ತಾನೇ ಇರುತ್ತೆ. ಭತ್ತದ ಗದ್ದೆಲೂ ಕಷ್ಟ: ಡ್ರೈ ಬ್ರೇಕಿಗೆ ಕೆಸರು ನೀರು ಸೇರಿದ್ರೆ ಹಿಡಿತ ಹೋಗುತ್ತೆ. ಪವರ್ ಸ್ಟೀರಿಂಗ್ ಇಲ್ಲದೆ ದಿನವಿಡೀ ತಿರುಗಿಸಿದ್ರೆ ರಟ್ಟೆ ಬಿದ್ದೋಗುತ್ತೆ.

(4/5) ಇದನ್ನ ಸ್ಕಿಪ್ ಮಾಡ್ಬೇಡಿ
ಮಂಡ್ಯ ಕಡೆ ಕಬ್ಬಿನ ಸೀಸನ್‌ನಲ್ಲಿ ಹಳೇ ಗಾಡಿಗೆ ಆಕಾಶದೆತ್ತರ ಲೋಡ್ ಹಾಕಿ ಮುಂದಿನ ಚಕ್ರ ಎತ್ತಿಸೋ ರೀಲ್‌ಗೆ ನಾವೇ ಲೈಕ್ ಒತ್ತೋದು. ಲೋಡ್ ಎಳೆಯೋದು ಇಂಜಿನ್, ನಿಲ್ಲಿಸೋದು ಬ್ರೇಕ್. ಇಳಿಜಾರಲ್ಲಿ ಬ್ರೇಕಿಲ್ಲದ ಟ್ರೇಲರ್ ಹಿಂದಿಂದ ತಳ್ಳೋವಾಗ ಸೀಟಲ್ಲಿರೋದು ನಮ್ಮನೆ ಅಣ್ಣನೋ ಮಾವನೋ. ಹಳೇ ಗಾಡಿ ನೋಡೋಕೆ ಹೋದ್ರೆ "ಸ್ಟಾರ್ಟ್ ಆಗುತ್ತಾ?" ಜೊತೆಗೆ "ನಿಲ್ಲುತ್ತಾ?" ಅಂತಾನೂ ಕೇಳಿ.

(5/5) ಬಿಕಾಂ ಲೆಕ್ಕ
ಎರಡು ಮೂರು ಎಕರೆ ಹೊಲಕ್ಕೆ 50 ಎಚ್‌ಪಿ ಹೊಸ ಗಾಡಿ ಲೋನಲ್ಲಿ ತಂದ್ರೆ ಗಾಡಿ ಶೆಡ್ಡಲ್ಲಿದ್ರೂ ಕಂತು ಓಡ್ತಾನೇ ಇರುತ್ತೆ. ಬಾಡಿಗೆ ಕೆಲ್ಸ ಗ್ಯಾರಂಟಿ ಇಲ್ಲ ಅಂದ್ರೆ ಅದು ಹೊರೆ. ಹಾಗಂತ ಹಳೇದು ಬಿಟ್ಟಿ ಅಲ್ಲ. ಎಚ್‌ಎಂಟಿ ನೋಡಿ: 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಟ್ರ್ಯಾಕ್ಟರ್ ಶುರು ಮಾಡ್ತು, 2016ರಲ್ಲಿ ಸರ್ಕಾರ ಆ ಘಟಕ ಮುಚ್ಚೋ ತೀರ್ಮಾನ ಮಾಡ್ತು. ಕಂಪನಿನೇ ಮಾಡದ ಗಾಡಿ ತಗೊಳ್ಳೋ ಮುಂಚೆ ಪಾರ್ಟ್ಸ್ ಎಲ್ಲಿ ಸಿಗುತ್ತೆ ವಿಚಾರಿಸಿ.

ನನ್ನ ತೀರ್ಪು: ಒಣ ಹೊಲ ಇದ್ರೆ ಹಳೇದನ್ನ ಇಟ್ಕೊಳ್ಳಿ, ರೋಟಾವೇಟರ್ ಬೇಕಾದ ದಿನ ಬಾಡಿಗೆಗೆ ಕರೆಸಿ. ಕಬ್ಬಿನ ಲೋಡಿಗೆ ಮಾತ್ರ ಹಳೇ ಗಾಡಿ ಬೇಡ.

ನಿಮ್ಮನೇಲಿ ಯಾವ ಮಾಡೆಲ್ ಇದೆ, ಯಾವ ಕೆಲ್ಸಕ್ಕೆ ಬಿಡ್ತೀರ? ಕಾಮೆಂಟ್ ಮಾಡಿ 🚜

#ಹಳೇಟ್ರ್ಯಾಕ್ಟರ್ #ರೈತರಮಕ್ಕಳು