ಕಾರ್ಡ್ ಕೈಗೆ ಬಂತು, ಜೊತೆಗೆ ಇಳಿಯುವವರು ಯಾರು?

ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮವರು ಸ್ಕೂಬಾ ಡೈವಿಂಗ್ ಕಲಿಯಹೊರಟರೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಪ್ಯಾಡಿ ಎಂಬ ಡೈವಿಂಗ್ ತರಬೇತಿ ಸಂಸ್ಥೆಯ ಪಠ್ಯಕ್ರಮದ ಖಾಸಗಿ ಶಾಲೆ. ಇನ್ನೊಂದು, 1953ರಲ್ಲಿ ಹುಟ್ಟಿದ ಬ್ರಿಟಿಷ್ ಸಬ್-ಆಕ್ವಾ ಕ್ಲಬ್ಬಿನ ಸ್ಥಳೀಯ ಶಾಖೆಯ ಸದಸ್ಯತ್ವ. ಎರಡನೆಯದರ ಕಾಲ ಮುಗಿಯಿತು ಎನ್ನುವವರ ವಾದ ಎಷ್ಟು ಗಟ್ಟಿ ಎಂಬುದನ್ನು ಓದುಗರೇ ತೂಗಲಿ.

ಶಾಲೆಯಲ್ಲಿ ನಾಲ್ಕೇ ದಿನ, ಕ್ಲಬ್ಬಿನಲ್ಲಿ ತಿಂಗಳುಗಟ್ಟಲೆ ಎನ್ನುತ್ತಾರೆ. ಇದು ಅರ್ಧ ಲೆಕ್ಕ. ಪ್ಯಾಡಿಯ ಓಪನ್ ವಾಟರ್ ಕಾರ್ಡಿಗೆ ಈಜುಕೊಳದ ಪಾಠಗಳಾದ ಮೇಲೆ ಹೊರಗೆ ನಾಲ್ಕು ಡೈವ್ ಸಾಕು, ನಿಜ. ಆದರೆ ಕಲಿತಂಥ ಪರಿಸ್ಥಿತಿಯಲ್ಲೇ ಡೈವ್ ಮಾಡಿ ಎಂದು ಆ ತರಬೇತಿಯೇ ಹೇಳುತ್ತದೆ. ರಜೆಯಲ್ಲಿ ಬೆಚ್ಚಗಿನ ಕಡಲಲ್ಲಿ ಪಾಸಾದವರು ಫೆಬ್ರವರಿಯಲ್ಲಿ ಲೆಸ್ಟರ್‌ಶೈರಿನ ಸ್ಟೋನಿ ಕೋವ್ ಕ್ವಾರಿಗೆ ಇಳಿಯಲಿ. ದಪ್ಪ ಗ್ಲೌಸಿನೊಳಗೆ ಮರಗಟ್ಟಿದ ಬೆರಳಿಗೆ ಇನ್‌ಫ್ಲೇಟರಿನ ಬಟನ್ ಸಿಗುವುದಿಲ್ಲ. ಡ್ರೈಸೂಟಿನ ಗಾಳಿ ಕಾಲಿನತ್ತ ನುಗ್ಗಿದರೆ ತಲೆಕೆಳಗಾಗಿ ಮೇಲೇಳುತ್ತಾರೆ. ರೆಗ್ಯುಲೇಟರ್ ಹೆಪ್ಪುಗಟ್ಟಿದರೆ ಗಾಳಿ ಭೋರೆಂದು ಹರಿದು ಸಿಲಿಂಡರ್ ನೋಡನೋಡುತ್ತಲೇ ಬರಿದಾಗುತ್ತದೆ. ಇದನ್ನೆಲ್ಲ ಆಮೇಲಾದರೂ ಕಲಿಯಲೇಬೇಕು. ಹಾಗಿದ್ದರೆ ಉಳಿದ ಸಮಯ ಯಾವುದು?

ಎರಡೂ ಕೋರ್ಸುಗಳು ಒಂದೇ ಐಎಸ್‌ಒ ಮಾನದಂಡದವು, ಆದರೆ ಹೊರದೇಶಗಳಲ್ಲಿ ಪ್ಯಾಡಿಗೇ ಬೆಲೆ ಎಂಬ ಮಾತಿದೆ. ಒಂದೇ ಮಾನದಂಡ ಎಂದ ಮೇಲೆ ಒಂದಕ್ಕೆ ಮಾತ್ರ ಬೆಲೆ ಹೇಗೆ? ಕ್ಲಬ್ಬಿನ ಓಷನ್ ಡೈವರ್‌ಗೆ 20 ಮೀಟರ್, ಪ್ಯಾಡಿಯ ಓಪನ್ ವಾಟರ್‌ಗೆ 18 ಮೀಟರ್ ಮಿತಿ. ಹೆಚ್ಚೆಂದು ಹೇಳಿಕೊಳ್ಳಲು ಅಲ್ಲೂ ಏನಿಲ್ಲ.

ಸಂಬಳವಿಲ್ಲದವರು ಕಲಿಸಿದ್ದು ಕಳಪೆ ಎಂಬುದು ಅವರ ನೆಚ್ಚಿನ ವಾದ. ನನಗೆ ಅತ್ಯಂತ ಅನ್ಯಾಯ ಎನಿಸುವುದೂ ಇದೇ. ಕ್ಲಬ್ಬಿನ ಬೋಧಕರೂ ತರಬೇತಿ ಪಡೆದು ಪರೀಕ್ಷೆ ಪಾಸಾದವರೇ. ಮಾಸ್ಕಿಗೆ ನೀರು ನುಗ್ಗಿದೊಡನೆ ಗಾಬರಿಯಾಗುವ ವಿದ್ಯಾರ್ಥಿಗೆ ಮೂರು ವಾರ ಅದೊಂದನ್ನೇ ಮಾಡಿಸಿದರೂ ಅವರಿಗೆ ನಷ್ಟವಿಲ್ಲ. ಭಾನುವಾರ ಸಂಜೆಯೊಳಗೆ ಬ್ಯಾಚ್ ಮುಗಿಸುವ ಒತ್ತಡವೂ ಇಲ್ಲ. ಮಿಗಿಲಾಗಿ, ಇಂದಿನ ವಿದ್ಯಾರ್ಥಿಯೇ ನಾಳೆ ಅವರ ಪಕ್ಕದಲ್ಲಿ ಡೈವ್ ಮಾಡುವವನು. ಪ್ರಜ್ಞೆ ತಪ್ಪಿದ ಜೊತೆಗಾರನನ್ನು ಮೇಲೆ ತರುವುದನ್ನು ಕ್ಲಬ್ಬಿನಲ್ಲಿ ಎರಡನೆಯ ಹಂತವಾದ ಸ್ಪೋರ್ಟ್ಸ್ ಡೈವರ್‌ನಲ್ಲೇ ಕಲಿಸುತ್ತಾರೆ. ಪ್ಯಾಡಿಯಲ್ಲಿ ಅದು ರೆಸ್ಕ್ಯೂ ಡೈವರ್ ಎಂಬ ಬೇರೆ ಕೋರ್ಸು, ಬೇರೆ ಶುಲ್ಕ. ಹವ್ಯಾಸಿಗಳಿಂದ ಏನಾದೀತು ಎನ್ನುವವರು ಪೋರ್ಟ್ಸ್‌ಮತ್ತಿಗೆ ಹೋಗಿ ಮೇರಿ ರೋಸ್ ನೋಡಲಿ. 1545ರಲ್ಲಿ ಮುಳುಗಿದ ಆ ಹಡಗಿನ ಹುಡುಕಾಟವನ್ನು 1965ರಲ್ಲಿ ಅಲೆಕ್ಸಾಂಡರ್ ಮಕ್ಕೀ ಆರಂಭಿಸಿದ್ದು ಇದೇ ಕ್ಲಬ್ಬಿನ ಸೌತ್‌ಸೀ ಶಾಖೆಯ ಡೈವರ್‌ಗಳನ್ನು ಕಟ್ಟಿಕೊಂಡು. ಹಡಗು ಮೇಲೆ ಬಂದದ್ದು 1982ರಲ್ಲಿ.

ವಾರ್ಷಿಕ ಚಂದಾ ದುಬಾರಿ ಎನ್ನುವವರು ಕೋರ್ಸಿನ ಶುಲ್ಕದಲ್ಲೇ ಲೆಕ್ಕ ನಿಲ್ಲಿಸುತ್ತಾರೆ. ಆಮೇಲೆ ಪ್ರತಿ ಡೈವಿಗೂ ತೆರುವ ದೋಣಿ ಮತ್ತು ಸಲಕರಣೆಗಳ ಬಾಡಿಗೆಯನ್ನು ಯಾರು ಸೇರಿಸಬೇಕು? ಅನೇಕ ಶಾಖೆಗಳಿಗೆ ಸ್ವಂತ ದೋಣಿಯಿದೆ, ಕಂಪ್ರೆಸರ್ ಇದೆ.

ಕೊನೆಗೆ, ಕ್ಲಬ್ಬುಗಳಲ್ಲಿ ಗುಂಪುಗಾರಿಕೆ ಎಂಬ ದೂರು. ಕೆಲವು ಕಡೆ ಇದೆ, ಒಪ್ಪುತ್ತೇನೆ. ವರ್ಷಕ್ಕೊಮ್ಮೆ ಬೆಚ್ಚಗಿನ ಕಡಲಿಗೆ ಇಳಿಯುವವರಿಗೆ, ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಕಲಿಯುವವರಿಗೆ ಶಾಲೆಯೇ ಸರಿ ಎಂಬುದನ್ನೂ ಒಪ್ಪುತ್ತೇನೆ. ಆದರೆ ಕೆಟ್ಟ ಕ್ಲಬ್ ಇದೆ ಎಂಬುದು ಕ್ಲಬ್ಬೇ ಬೇಡ ಎನ್ನಲು ಕಾರಣವಾಗದು. ಕೆಟ್ಟ ಶಾಲೆಗಳೂ ಇವೆ. ಹಣ ಕಟ್ಟುವ ಮುನ್ನ ಕ್ಲಬ್ಬಿನವರು ಈಜುಕೊಳದಲ್ಲಿ ಕಲಿಸುವ ಸಂಜೆ ಹೋಗಿ ಕುಳಿತು ನೋಡಿ. ಹೊಸಬರನ್ನು ದಡದಲ್ಲಿ ಕಾಯಿಸಿ ಹಳಬರು ಹರಟುತ್ತಿದ್ದರೆ ಪಕ್ಕದೂರಿನ ಶಾಖೆಗೆ ಫೋನ್ ಮಾಡಿ.