ಎಣಿಕೆಗೆ ಸಿಗದ ನೋವು

ದಾಖಲೆಯಲ್ಲಿ ಇಲ್ಲದ್ದು ಊರಿನಲ್ಲಿಯೂ ಇಲ್ಲವೆಂಬ ವಾದವನ್ನು ನಾವು ಒಪ್ಪಲಾರೆವು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಮಕ್ಕಳು ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದುದನ್ನು ಕಣ್ಣಾರೆ ಕಂಡ ಉಪಾಧ್ಯಾಯರು ನಾವು.

1971ರ ಕಾಯ್ದೆಯು ಗರ್ಭಪಾತಕ್ಕೆ ಷರತ್ತುಗಳೊಡನೆ ಅನುಮತಿಯಿತ್ತಿತು: ಅರ್ಹ ವೈದ್ಯರು, ಮಾನ್ಯತೆ ಪಡೆದ ಆಸ್ಪತ್ರೆ. ಆ ಬಾಗಿಲೊಳಗೆ ಬಂದವರಷ್ಟೇ ಲೆಕ್ಕಕ್ಕೆ ಸಿಕ್ಕರು. ಆಗಿನ ಸರಕಾರಿ ಅಂಕಿ ವರ್ಷಕ್ಕೆ ಸುಮಾರು 7 ಲಕ್ಷವಿತ್ತು. ಆದರೆ ಆಸ್ಪತ್ರೆಗಳ ಸಮೀಕ್ಷೆಯೊಡನೆ ಮಾತ್ರೆಗಳ ಮಾರಾಟವನ್ನೂ ಲೆಕ್ಕಹಾಕಿ, ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಸಂಶೋಧಕರು ಪ್ರಕಟಿಸಿದ ಅಂದಾಜು, 2015ಕ್ಕೆ 1 ಕೋಟಿ 56 ಲಕ್ಷ! ನಾಲ್ಕರಲ್ಲಿ ಸುಮಾರು ಮೂರು ಪಾಲು ಆಸ್ಪತ್ರೆಯ ಹೊರಗೆ, ಮಾತ್ರೆಗಳಿಂದ. ಆಸ್ಪತ್ರೆ ಸಮೀಕ್ಷೆ ನಡೆದ ಆರು ರಾಜ್ಯಗಳಲ್ಲಿ ತೆಲಂಗಾಣವೂ ಇಲ್ಲ, ಕರ್ನಾಟಕವೂ ಇಲ್ಲ.

ಅಂದಾಜು ನಿಖರವಲ್ಲವೆನ್ನುವವರುಂಟು. ನಿಜ. ಆದರೆ ಅತ್ತೆ ಮಾವಂದಿರಿಗೂ ತಿಳಿಸದ ಸಂಗತಿಯನ್ನು ಬಾಗಿಲಲ್ಲಿ ನಿಂತ ಗಣತಿದಾರನಿಗೆ ಯಾವ ಹೆಣ್ಣುಮಗಳು ಹೇಳಿಯಾಳು? ಸುಳ್ಳು ಸಮಾಧಾನ ನೀಡುವ ಸಣ್ಣ ಅಂಕಿಗಿಂತ ಪ್ರಾಮಾಣಿಕ ಅಂದಾಜು ಮೇಲು. ಸಣ್ಣ ಅಂಕಿಯನ್ನು ನಂಬಿ ಕುಳಿತರೆ, ಮದ್ದೂರಿನಂಥ ಊರಿಗೆ ಸ್ತ್ರೀರೋಗ ತಜ್ಞೆ ಬೇಕೆಂದು ಕೇಳುವವರಾರು?

ಗಡಿನಾಡ ಕನ್ನಡಿಗರನ್ನು ಸರಿಯಾಗಿ ಎಣಿಸಿರೆಂದು ಸಭೆ ಸಭೆಗಳಲ್ಲಿ ಆಗ್ರಹಿಸುವ ನಾವು, ನಮ್ಮ ಮನೆಯ ಹೆಣ್ಣುಮಕ್ಕಳ ಎಣಿಕೆ ಬಂದಾಗ ತಲೆ ತಗ್ಗಿಸಿ ಸುಮ್ಮನಾಗುವುದು ನ್ಯಾಯವೇ?