‘ಹತ್ತಿರ’ ಎಂದರೆ ಯಾವ ಅಳತೆ?



‘ನಿಮ್ಮ ಊರಿಗೆ ಹತ್ತಿರದ ಆಸ್ಪತ್ರೆ ಯಾವುದು?’ ಎಂದು ಕೇಳಿದರೆ ನೀವು ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ಉತ್ತರ ಹೇಳಬಹುದು. ಆ ಉತ್ತರ ಹಾರುವ ಹಕ್ಕಿಗೆ ಸರಿ. ನಾವು ರಸ್ತೆಯಲ್ಲೇ ಹೋಗಬೇಕಲ್ಲವೇ?

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕನ್ನೇ ನೋಡಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಶರಾವತಿಯ ಹಿನ್ನೀರು ತುಮರಿ, ಸಿಗಂದೂರು ಕಡೆಯ ಊರುಗಳಿಗೂ ಸಾಗರ ಪೇಟೆಗೂ ನಡುವೆ ನಿಂತಿತು. ಜನರು ಲಾಂಚ್ ಹತ್ತಿ ದಾಟುತ್ತಿದ್ದರು. ರಾತ್ರಿ ಲಾಂಚ್ ಇರುತ್ತಿರಲಿಲ್ಲ. ಆಗ ಯಾರಿಗಾದರೂ ಕಾಯಿಲೆ ಜೋರಾದರೆ ದೂರದ ಸುತ್ತು ದಾರಿಯೇ ಗತಿ. 2025ರ ಜುಲೈ ತಿಂಗಳಲ್ಲಿ ಅಲ್ಲಿ ಸೇತುವೆ ತೆರೆಯಿತು. ಊರು ಜರುಗಲಿಲ್ಲ, ಪೇಟೆಯೂ ಜರುಗಲಿಲ್ಲ. ಆದರೂ ಅವು ಹತ್ತಿರವಾದವು!

ಈಗ ಮೊಬೈಲ್ ಫೋನು ಕ್ಷಣದಲ್ಲಿ ದಾರಿ ತೋರಿಸುತ್ತದೆ. ಅದರ ಹಿಂದಿರುವ ಉಪಾಯ ಹಳೆಯದು. ನೆದರ್ಲೆಂಡ್ಸ್ ದೇಶದ ಎಡ್ಸ್ಗರ್ ಡೈಕ್‌ಸ್ಟ್ರಾ ಎಂಬ ವಿಜ್ಞಾನಿ 1956ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದ ಒಂದು ಕಾಫಿ ಅಂಗಡಿಯಲ್ಲಿ ಕುಳಿತು, ಕಾಗದ ಪೆನ್ಸಿಲ್ ಇಲ್ಲದೆ, ಸುಮಾರು 20 ನಿಮಿಷಗಳಲ್ಲಿ ಇದನ್ನು ಯೋಚಿಸಿದರು. 1959ರಲ್ಲಿ ಪ್ರಕಟಿಸಿದರು. ಇಂದಿನ ಗಣಕಗಳು ಲಕ್ಷಾಂತರ ರಸ್ತೆಗಳಲ್ಲಿ ಬೇಗ ಹುಡುಕಲು ಇದಕ್ಕೆ ಇನ್ನೂ ಹಲವು ಜಾಣ ವಿಧಾನಗಳನ್ನು ಸೇರಿಸಿಕೊಂಡಿವೆ. ಮೂಲ ಉಪಾಯ ಮಾತ್ರ ನಿಮಗೂ ಅರ್ಥವಾಗುವಷ್ಟು ಸರಳ.

ಹೀಗೆ ಊಹಿಸಿ. ಮನೆಯಿಂದ ಬಸ್ ನಿಲ್ದಾಣಕ್ಕೆ 10 ನಿಮಿಷ, ಕೆರೆ ಏರಿಗೆ 20 ನಿಮಿಷ. ನಿಲ್ದಾಣದಿಂದ ಏರಿಗೆ 5 ನಿಮಿಷ. ಆಸ್ಪತ್ರೆಗೆ ನಿಲ್ದಾಣದಿಂದ 40, ಏರಿಯಿಂದ 25 ನಿಮಿಷ. ನಿಯಮ ಇಷ್ಟೇ: ಇನ್ನೂ ಲೆಕ್ಕ ಮುಗಿಯದ ಸ್ಥಳಗಳಲ್ಲಿ ಅತಿ ಕಡಿಮೆ ಸಮಯದ್ದನ್ನು ಮೊದಲು ಆರಿಸಿ, ಅಲ್ಲಿಂದ ಮುಂದಿನ ಸ್ಥಳಗಳ ಸಮಯವನ್ನು ಕೂಡಿ ನೋಡಿ. ಮೊದಲು ನಿಲ್ದಾಣ, 10. ಅಲ್ಲಿಂದ ಏರಿಗೆ 10+5=15. ನೇರ ದಾರಿಯ 20ಕ್ಕಿಂತ ಇದು ಕಡಿಮೆ, ಆದ್ದರಿಂದ 20 ಅಳಿಸಿ 15 ಬರೆಯಿರಿ. ನಿಲ್ದಾಣದಿಂದ ಆಸ್ಪತ್ರೆಗೆ 10+40=50. ಏರಿಯಿಂದಾದರೆ 15+25=40. ಉತ್ತರ 40 ನಿಮಿಷ.

ಮಳೆಗಾಲದಲ್ಲಿ ಏರಿಯ ರಸ್ತೆ ಕೊಚ್ಚಿಹೋದರೆ? ಉತ್ತರ 50 ಆಗಬೇಕು. ಆದರೆ ಅದನ್ನು ಯಾರೂ ತಿಳಿಸದಿದ್ದರೆ ಗಣಕ 40 ಎಂದೇ ಹೇಳುತ್ತದೆ. ಅದರ ಲೆಕ್ಕ ತಪ್ಪಿಲ್ಲ, ನಾವು ಕೊಟ್ಟ ಸಂಖ್ಯೆ ತಪ್ಪು. ರೋಗಿಯನ್ನು ಕರೆದೊಯ್ಯುವ ಗಾಡಿ ಮುರಿದ ರಸ್ತೆಯ ಮುಂದೆ ನಿಂತಾಗ ಈ ತಪ್ಪಿನ ಬೆಲೆ ತಿಳಿಯುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಇದು. ‘ಹತ್ತಿರ’ ಎಂಬ ಮಾತನ್ನು ಅಳತೆ ಕೇಳದೆ ಒಪ್ಪಬಾರದು. ಕಿಲೋಮೀಟರಿನಲ್ಲೋ ನಿಮಿಷದಲ್ಲೋ? ನಡೆದೋ ಬಸ್ಸಿನಲ್ಲೋ? ಬೇಸಿಗೆಯಲ್ಲೋ ಮಳೆಗಾಲದಲ್ಲೋ? ಫೋನು ಇದೆಯೆಂದು ದಾರಿಯ ಲೆಕ್ಕವನ್ನು ನಾವು ಮರೆಯಬಾರದು. ಯಾವ ಹಳ್ಳ ಯಾವ ತಿಂಗಳು ತುಂಬುತ್ತದೆ ಎಂಬುದು ಆ ಹಳ್ಳ ದಾಟಿ ಶಾಲೆಗೆ ಬರುವ ನಿಮಗೆ ಚೆನ್ನಾಗಿ ಗೊತ್ತು. ಆ ತಿಳಿವಳಿಕೆಯೂ ವಿಜ್ಞಾನಕ್ಕೆ ಬೇಕು.

ಮಾಡಿ ನೋಡಿ: ನಿಮ್ಮ ಊರಿನ ನಕ್ಷೆ ಬರೆಯಿರಿ. ಪ್ರತಿ ದಾರಿಯ ಮೇಲೆ ನಡೆಯುವ ನಿಮಿಷಗಳನ್ನು ಗಡಿಯಾರ ನೋಡಿ ಬರೆಯಿರಿ. ಮಳೆಗಾಲದಲ್ಲಿ ಮುಚ್ಚುವ ದಾರಿಗೆ ಕೆಂಪು ಬಣ್ಣ ಹಚ್ಚಿ. ಮನೆಯಿಂದ ಆಸ್ಪತ್ರೆಗೆ ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ದಾರಿ ಹುಡುಕಿ. ಎರಡು ಉತ್ತರಗಳೂ ಒಂದೇ ಬಂದವೇ? ತರಗತಿಯಲ್ಲಿ ಚರ್ಚಿಸಿ. ದೊಡ್ಡವರಿಗೂ ತೋರಿಸಿ.